ಬೂಟಿಗಂಟಿದ ಮಣ್ಣು

ಹಳೆಯ ಮರಗಳ ಫೋಟೋ ತೆಗೆಯುವ ಹುಚ್ಚು ಅವನಿಗೆ ಹಿಡಿದದ್ದು ನಲವತ್ತು ದಾಟಿದ ಮೇಲೆ. ಅಲ್ಲಿಯವರೆಗೆ ಬಸ್ ನಿಲ್ದಾಣದ ಎದುರಿನ ರಸ್ತೆಯಲ್ಲಿ, ಕನ್ನಡಕದ ಅಂಗಡಿಗೂ ಬೀಗ ರಿಪೇರಿಯವನಿಗೂ ನಡುವೆ ಸಿಕ್ಕಿಕೊಂಡಂತಿದ್ದ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆದುಕೊಂಡು ತನ್ನ ಪಾಡಿಗೆ ತಾನಿದ್ದ. ಗದ್ದ ಕೊಂಚ ಮೇಲೆ, ಕಿವಿ ಕಾಣಬೇಕು, ನಗಬೇಡಿ. ದಿನವಿಡೀ ಇದೇ ಪಾಠ. ಮುಂದಿನ ಕೌಂಟರಿನಲ್ಲಿ ಅವನ ಅಕ್ಕ ಕೂರುತ್ತಿದ್ದಳು. ಪ್ರಿಂಟ್ ಹಾಕುವುದು, ಅಂಚು ಕತ್ತರಿಸುವುದು, ಬಂದವರ ಜೊತೆ ಜಗಳವಾಡುವುದು ಎಲ್ಲ ಅವಳ ಪಾಲಿನದು. "ನನ್ನ ಮುಖ ಇಷ್ಟು ದಪ್ಪ ಇಲ್ಲ" ಎಂದು ಯಾರಾದರೂ ತಕರಾರು ತೆಗೆದರೆ, "ಕ್ಯಾಮೆರಾ ಏನು ಊಟ ಹಾಕುತ್ತೇನಮ್ಮ? ಇರೋದನ್ನ ತೋರಿಸುತ್ತೆ ಅಷ್ಟೆ" ಎಂದುಬಿಡುತ್ತಿದ್ದಳು.

ಒಂದು ಬೇಸಿಗೆಯಲ್ಲಿ ನ್ಯಾಯಾಲಯದ ಅಂಗಳದಲ್ಲಿದ್ದ ಪುರಾತನ ಮರ ಬಿಸಿಲಿಗೆ ನಿಂತಲ್ಲೇ ಒಣಗಿ ಬಿತ್ತು. ಅದರ ನೆರಳಲ್ಲಿ ಟೈಪಿಂಗ್ ಮೇಜು ಹಾಕಿಕೊಂಡು ಬದುಕಿದ್ದವರೆಲ್ಲ ಕಣ್ಣೀರಿಟ್ಟರು. ಮರ ಬೀಳುವ ಮುಂಚೆ ಲೆನ್ಸ್ ಪರೀಕ್ಷೆಗೆಂದು ಅವನು ಅದರದೊಂದು ಚಿತ್ರ ತೆಗೆದಿಟ್ಟಿದ್ದ. ಪತ್ರಿಕೆಯವರು ಹುಡುಕಿಕೊಂಡು ಬಂದರು. ಅಲ್ಲಿಂದ ಶುರುವಾಯಿತು. ಚಳಿಗಾಲ ಚಳಿಗಾಲದಂತಿಲ್ಲ, ಮಳೆ ಬರಬೇಕಾದಾಗ ಬರುವುದಿಲ್ಲ, ಬೇಡವಾದಾಗ ಸುರಿಯುತ್ತದೆ. ನೂರಾರು ವರ್ಷ ಎಲ್ಲವನ್ನೂ ಸಹಿಸಿಕೊಂಡು ನಿಂತ ಮರಗಳು ಒಂದೊಂದಾಗಿ ಸೋಲುತ್ತಿದ್ದವು. ಅವು ಹೋಗುವ ಮುಂಚೆ ಅವುಗಳ ಮುಖ ಹಿಡಿದಿಡಬೇಕು ಎಂದು ಅವನು ರಜೆ ಸಿಕ್ಕಾಗಲೆಲ್ಲ ಟ್ರೈಪಾಡ್ ಹೊತ್ತು ಹೊರಟ. ಪುಸ್ತಕ ಮಾಡೋಣ ಎಂದು ಪ್ರಕಾಶಕಿಯೊಬ್ಬರು ಮುಂದೆ ಬಂದರು.

ಹೀಗೆ ಅಲೆಯುವಾಗ ಸಿಕ್ಕಿದ್ದು ಮುತ್ತಜ್ಜಿ. ಬೆಟ್ಟದ ನೆತ್ತಿಯ ತೋಪಿನಲ್ಲಿದ್ದ, ಸೂಜಿಯಂಥ ಎಲೆಗಳ ಮರ ಅದು. ಸಾವಿರ ವರ್ಷದ್ದು ಎನ್ನುವವರಿದ್ದರು, ಅದಕ್ಕೂ ಹೆಚ್ಚು ಎನ್ನುವವರಿದ್ದರು. ತೊಗಟೆ ಹಗ್ಗ ಹೊಸೆದಂತೆ ತಿರುಚಿಕೊಂಡಿತ್ತು. ಸುತ್ತ ಇಳಿಜಾರಿನಲ್ಲಿ ಅದರದೇ ಬೀಜದಿಂದ ಎದ್ದ ಮರಗಳ ಗುಂಪು.

ತೋಪಿನ ಕಾವಲುಗಾರನನ್ನು ಎಲ್ಲರೂ ಬೂಟಣ್ಣ ಎಂದೇ ಕರೆಯುತ್ತಿದ್ದರು. ಕಾರಣವಿತ್ತು. ಕೆಳಗಿನ ಕಣಿವೆಯ ತೋಪುಗಳಲ್ಲಿ ಬೇರುಕೊಳೆ ರೋಗ ಹಬ್ಬಿತ್ತು. ಹಿಂದೆಲ್ಲ ಚಳಿಗೆ ನೆಲ ಹೆಪ್ಪುಗಟ್ಟಿ ರೋಗಾಣು ಸತ್ತುಹೋಗುತ್ತಿತ್ತಂತೆ, ಈಗ ಸಾಯುವುದಿಲ್ಲ. ಅದು ಒಂದು ತೋಪಿನಿಂದ ಇನ್ನೊಂದಕ್ಕೆ ಹೋಗಲು ಬೂಟಿಗಂಟಿದ ಒಂದು ಚಿಟಿಕೆ ಕೆಸರು ಸಾಕು. ಹಾಗಾಗಿ ಗೇಟಿನ ಹತ್ತಿರ ಬ್ರಷ್ಷು, ಬಕೆಟ್ಟು, ಔಷಧಿ ನೀರಿನ ಅಗಲವಾದ ಟ್ರೇ. ಮೊದಲು ಮಣ್ಣು ಉಜ್ಜಬೇಕು, ಆಮೇಲೆ ಟ್ರೇಯಲ್ಲಿ ಸುಮ್ಮನೆ ನಿಲ್ಲಬೇಕು, ಬೂಟಣ್ಣ ಸಾಕು ಎನ್ನುವವರೆಗೆ. ದೊಡ್ಡ ಅಧಿಕಾರಿಗಳು ಬಂದರೂ ಅಷ್ಟೆ. "ನೀವು ಯಾರಾದ್ರೂ ಆಗಿರಿ ಸಾರ್, ನಿಮ್ಮ ಬೂಟಿಗೆ ಅದು ಗೊತ್ತಿಲ್ಲ" ಎನ್ನುತ್ತಿದ್ದ.

ಫೋಟೋದವನಿಗೆ ಬೂಟಣ್ಣ ಇಟ್ಟ ಹೆಸರು 'ಕ್ಯಾಮೆರಾ'. "ಬಾ ಕ್ಯಾಮೆರಾ, ಇವತ್ತು ಅಜ್ಜಿ ಮುಖ ತೊಳ್ಕೊಂಡು ಕೂತಿದಾಳೆ" ಎಂದು ಮಳೆಯ ಮರುದಿನ ಫೋನು ಮಾಡುತ್ತಿದ್ದ. ಎಷ್ಟೋ ಬಾರಿ ಇಬ್ಬರೂ ಕಾವಲು ಕೋಣೆಯ ಬೆಂಚಿನ ಮೇಲೆ ಮೋಡ ಸರಿಯುವುದನ್ನು ಕಾಯುತ್ತ ಟೀ ಕುಡಿದಿದ್ದಾರೆ. ಬೂಟಣ್ಣನಿಗೆ ಅವನ ಮೇಲೆ ಎಷ್ಟು ನಂಬಿಕೆಯೆಂದರೆ, ತಾನಿಲ್ಲದಾಗ ಬಂದರೆ ಗೇಟಿನ ಬೀಗದ ಕೈ ಎಲ್ಲಿರುತ್ತದೆಂದು ಅವನೊಬ್ಬನಿಗೇ ತೋರಿಸಿಕೊಟ್ಟಿದ್ದ.

ಇಷ್ಟಾದರೂ ಮುತ್ತಜ್ಜಿಯ ಒಂದು ಫೋಟೋವೂ ಮನಸ್ಸಿಗೆ ಒಪ್ಪುವಂತೆ ಬಂದಿರಲಿಲ್ಲ. ಪ್ರಕಾಶಕಿ ಅವಸರ ಮಾಡುತ್ತಿದ್ದರು.

ಆ ದಿನ ಅವನು ಬೆಳಗಿನಿಂದ ಕೆಳಗಿನ ಕಣಿವೆಯ ಸಾಯುತ್ತಿದ್ದ ತೋಪಿನಲ್ಲಿದ್ದ. ಕಾಂಡದಿಂದ ಕಪ್ಪು ರಸ ಸೋರುತ್ತಿದ್ದ ಮರಗಳ ನಡುವೆ, ಹಿಮ್ಮಡಿ ಮುಳುಗುವ ಕೆಸರಲ್ಲಿ ಓಡಾಡಿ, ಸುಸ್ತಾಗಿ ಕಾರು ಹತ್ತಿದ. ಮಧ್ಯಾಹ್ನದ ಮಳೆ ನಿಂತಿತ್ತು. ಬೆಟ್ಟದ ಮೇಲೆ ನೋಡಿದರೆ ಮೋಡದ ಅಡಿಯಿಂದ ಬಿಸಿಲು ಅಡ್ಡಡ್ಡ ಬೀಳುತ್ತಿತ್ತು. ಅಂಥ ಬೆಳಕು ಬಹಳ ಹೊತ್ತು ನಿಲ್ಲುವುದಿಲ್ಲ. ಕಾರನ್ನು ಮನೆಯ ಕಡೆಯಿಂದ ಬೆಟ್ಟದ ಕಡೆಗೆ ತಿರುಗಿಸಿದ.

ಗೇಟಿಗೆ ಬೀಗ ಹಾಕಿತ್ತು. ಮಗಳ ಹೆರಿಗೆಗೆಂದು ಬೂಟಣ್ಣ ಆ ವಾರ ಊರಿಗೆ ಹೋಗಿದ್ದ. ತನಗೆ ತೋರಿಸಿದ್ದ ಜಾಗದಿಂದ ಅವನು ಬೀಗದ ಕೈ ತೆಗೆದ. ಬ್ರಷ್ಷು ಗೂಟಕ್ಕೆ ನೇತಾಡುತ್ತಿತ್ತು. ಟ್ರೇ ಮುಚ್ಚಳ ಸರಿಸಿದರೆ ಔಷಧಿ ನೀರು ತುಂಬಿತ್ತು. ಒಂದು ಕಾಲು ಎತ್ತಿಯೂ ಎತ್ತಿದ. ಅಷ್ಟರಲ್ಲಿ ತೋಪಿನೊಳಗೆ ಬಿಸಿಲು ಮುತ್ತಜ್ಜಿಯ ಕಾಂಡವನ್ನು ಏರುತ್ತಿರುವುದು ಕಂಡಿತು. ಬೂಟು ಉಜ್ಜಿ, ಟ್ರೇಯಲ್ಲಿ ನಿಂತು ಹೋಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಇದೊಂದು ಸಲ, ಎಂದುಕೊಂಡ. ಟ್ರೇ ದಾಟಿ ಓಡಿದ.

ಆ ಸಂಜೆ ಸಿಕ್ಕಿದ ಚಿತ್ರ ಅವನ ಜೀವಮಾನದಲ್ಲೇ ಒಳ್ಳೆಯ ಚಿತ್ರ. ಒದ್ದೆ ತೊಗಟೆ ಕೆಂಪಗೆ ಹೊಳೆಯುತ್ತಿದೆ, ಹಿಂದೆ ಕಡುಗಪ್ಪು ಮೋಡ. ಅದು ಪುಸ್ತಕದ ಮುಖಪುಟವಾಯಿತು, ಪ್ರದರ್ಶನಗಳಿಗೆ ಹೋಯಿತು, ಯಾರ್ಯಾರದೋ ಕಚೇರಿಯ ಗೋಡೆ ಏರಿತು. ಬೂಟಣ್ಣ ಊರಿನಿಂದ ಮರಳಿದ ಮೇಲೆ ಅವನು ಒಂದು ಪ್ರಿಂಟ್ ಒಯ್ದು ಕೊಟ್ಟ. "ನಾನಿಲ್ಲದಾಗಲೇ ಅಜ್ಜಿ ನಿನಗೆ ಒಲಿದಳಲ್ಲೋ!" ಎಂದು ಬೂಟಣ್ಣ ಅದನ್ನು ಒಲೆಯ ಮೇಲಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ. ಆಗ ಹೇಳಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು ಕೂಡ. ಆದರೆ ಬೂಟಣ್ಣ ಮೊಮ್ಮಗಳ ಫೋಟೋ ಫೋನಿನಲ್ಲಿ ತೋರಿಸಲು ಶುರುಮಾಡಿದ. ಮಾತು ಅಲ್ಲಿಗೇ ನಿಂತಿತು.

ಎರಡು ವರ್ಷದ ಮೇಲೆ ಮುತ್ತಜ್ಜಿಯ ತುದಿ ಹಳದಿಯಾಯಿತು.

ಫೋನಿನಲ್ಲಿ ಬೂಟಣ್ಣನ ದನಿಯೇ ಬೇರೆಯಾಗಿತ್ತು. "ಕ್ಯಾಮೆರಾ, ಬಂದು ನೋಡು. ಬಿಸಿಲಿಗಿರಬಹುದು ಅಂತಾರೆ. ನನಗೆ ಯಾಕೋ ಭಯ."

ಅವನು ಹೋದಾಗ ಮರದ ಬುಡದಲ್ಲಿ ಹೆಂಗಸೊಬ್ಬರು ಮಂಡಿಯೂರಿ ಕೂತು ಕೊಳವೆಯಿಂದ ಮಣ್ಣು ಕೊರೆದು ತೆಗೆಯುತ್ತಿದ್ದರು. ಸಂಶೋಧನಾ ಕೇಂದ್ರದವರು, ಆ ಸುತ್ತಲಿನವರು ಅವರನ್ನು ಮಣ್ಣಿನ ಡಾಕ್ಟರ್ ಎನ್ನುತ್ತಿದ್ದರು. ಕಾಂಡದ ಕೆಳಗೆ, ಬೇರು ನೆಲಕ್ಕಿಳಿಯುವ ಕಡೆ, ಕಪ್ಪು ರಸ ಸಣ್ಣಗೆ ಸೋರಿ ಒಣಗಿತ್ತು. ಅದನ್ನು ನೋಡಿದ ಕೂಡಲೇ ಅವನಿಗೆ ತಿಳಿಯಿತು.

"ಬೇರುಕೊಳೆನೇ" ಎಂದರು ಮಣ್ಣಿನ ಡಾಕ್ಟರ್, ಪರೀಕ್ಷೆಯ ಫಲಿತಾಂಶ ಬಂದ ಮೇಲೆ. "ಅಜ್ಜಿ ಉಳಿಯಲ್ಲ. ಚಳಿ ಹೀಗೇ ಕಮ್ಮಿಯಾಗ್ತಾ ಹೋದ್ರೆ ಇದು ಹತ್ತು ವರ್ಷಕ್ಕೋ ಹದಿನೈದು ವರ್ಷಕ್ಕೋ, ಯಾವತ್ತಾದ್ರೂ ಇಲ್ಲಿಗೆ ಬರೋದೇ ಇತ್ತು."

ಯಾವತ್ತಾದರೂ ಬರುವುದೇ ಇತ್ತು. ಆ ಮಾತನ್ನು ಅವನು ಜೇಬಿನಲ್ಲಿಟ್ಟುಕೊಂಡವನಂತೆ ಮನೆಗೆ ಬಂದ. ಮಲಗುವಾಗ, ಏಳುವಾಗ, ಪಾಸ್‌ಪೋರ್ಟ್ ಫೋಟೋಗೆ ಕೂತವರ ಗದ್ದ ಸರಿಮಾಡುವಾಗ ಅದನ್ನೇ ಹೇಳಿಕೊಂಡ. ಗಾಳಿ, ಹಕ್ಕಿ, ಕಾಡುಹಂದಿಯ ಕಾಲು, ಯಾವುದರಿಂದಲಾದರೂ ಬಂದಿರಬಹುದು. ತನ್ನಿಂದಲೇ ಎನ್ನಲು ಏನು ಆಧಾರ? ಹೀಗೆ ವಾದ ಹೂಡಿ ತಾನೇ ಗೆಲ್ಲುತ್ತಿದ್ದ. ಗೆದ್ದ ಮೇಲೂ ಊಟ ರುಚಿಸುತ್ತಿರಲಿಲ್ಲ.

ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಬೂಟಣ್ಣ ಕೆಲಸ ಬಿಡುತ್ತಿದ್ದಾನೆ. ಯಾರೂ ತೆಗೆದುಹಾಕಿರಲಿಲ್ಲ, ತಾನೇ ಬಿಡುತ್ತೇನೆಂದು ಮೇಲಿನವರಿಗೆ ಹೇಳಿದ್ದ. ಮಗಳ ಹೆರಿಗೆಗೆ ಹೊರಡುವ ಗಡಿಬಿಡಿಯಲ್ಲಿ ಟ್ರೇಗೆ ಔಷಧಿ ತುಂಬಿದೆನೋ ಇಲ್ಲವೋ ನೆನಪಿಲ್ಲ, ತುಂಬಿರಲಿಕ್ಕಿಲ್ಲ, ಇಲ್ಲವೇ ಕಾವಲಿಲ್ಲದ ಆ ವಾರ ಯಾರೋ ಬೇಲಿ ಹಾರಿ ಬಂದು ರೋಗ ತಂದಿರಬೇಕು, ಹೇಗಿದ್ದರೂ ತಪ್ಪು ತನ್ನದೇ ಎಂದು ಬೂಟಣ್ಣ ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದ.

ಆ ವಾರ ಸ್ಟುಡಿಯೋಗೆ ಒಂದು ಹೋಟೆಲಿನಿಂದ ಮುತ್ತಜ್ಜಿಯ ದೊಡ್ಡ ಪ್ರಿಂಟಿಗೆ ಬೇಡಿಕೆ ಬಂತು. ಸ್ವಾಗತದ ಗೋಡೆಗೆ ಬೇಕಂತೆ.

"ಆಗಲ್ಲ ಅಂತ ಹೇಳಿಬಿಡು" ಎಂದ ಅವನು.

ಅಕ್ಕ ಕತ್ತರಿಸುತ್ತಿದ್ದ ಫೋಟೋ ಕೆಳಗಿಟ್ಟಳು. "ಯಾಕೆ?"

"ಆಗಲ್ಲ ಅಂದ್ನಲ್ಲ."

"ತಿಂಗಳಿಂದ ನೋಡ್ತಿದ್ದೀನಿ. ಮೊನ್ನೆ ಆ ಮುದುಕಪ್ಪನ ಫೋಟೋ ಕಣ್ಣು ಮುಚ್ಚಿದ್ದನ್ನೇ ಪ್ರಿಂಟಿಗೆ ಕಳಿಸಿದ್ದೆ. ನಿನ್ನೆ ಊಟದ ಡಬ್ಬಿ ತೆರೆದೇ ಇಲ್ಲ. ಏನಾಗಿದೆ ನಿನಗೆ?"

ಅಂಗಡಿಯಲ್ಲಿ ಗಿರಾಕಿ ಯಾರೂ ಇರಲಿಲ್ಲ. ಪ್ರಿಂಟರ್ ಮಾತ್ರ ಗುರುಗುಡುತ್ತಿತ್ತು. ಅವನು ಸ್ಟೂಲಿನ ಮೇಲೆ, ಫೋಟೋ ತೆಗೆಸಿಕೊಳ್ಳುವವರು ಕೂರುವ ಜಾಗದಲ್ಲಿ, ಕೂತು ಎಲ್ಲವನ್ನೂ ಹೇಳಿದ. ಕೆಸರು, ಬೆಳಕು, ಟ್ರೇ.

ಅಕ್ಕ ಎದ್ದು ಪ್ರಿಂಟರ್ ಆರಿಸಿದಳು.

"ಅವತ್ತೇ ಯಾಕೆ ಹೇಳಲಿಲ್ಲ?"

"ಫೋಟೋ ಅಷ್ಟು ಚೆನ್ನಾಗಿ ಬಂದಿತ್ತಕ್ಕ."

ಹೇಳಿದ ಮೇಲೆ ಅವನಿಗೇ ಅಸಹ್ಯವಾಯಿತು. ಆದರೆ ನಿಜವಾದ ಉತ್ತರ ಅದೊಂದೇ ಆಗಿತ್ತು.

"ಟ್ರೇ ತುಂಬಿತ್ತು ಅಂದ್ಯಲ್ಲ" ಎಂದಳು ಅಕ್ಕ.

"ಹೂಂ."

"ಅದನ್ನ ಕಣ್ಣಾರೆ ನೋಡಿದವನು ನೀನೊಬ್ಬನೇ."

"ಹೂಂ."

"ಮತ್ತೆ ಇಲ್ಲಿ ಕೂತ್ಕೊಂಡು ಏನು ಮಾಡ್ತಿದ್ದೀಯಾ? ಎದ್ದೇಳು. ಅಂಗಡಿ ನಾನು ನೋಡ್ಕೋತೀನಿ."

ಅವನು ಹೋದಾಗ ಬೂಟಣ್ಣ ಕಾವಲು ಕೋಣೆ ಖಾಲಿ ಮಾಡುತ್ತಿದ್ದ. ಪಾತ್ರೆಗಳು ರಟ್ಟಿನ ಪೆಟ್ಟಿಗೆ ಸೇರಿದ್ದವು. ಹಾಸಿಗೆ ಸುತ್ತಿಟ್ಟಾಗಿತ್ತು. ಒಲೆಯ ಮೇಲಿನ ಗೋಡೆಯಲ್ಲಿ ಆ ಫೋಟೋ ಇನ್ನೂ ಇತ್ತು.

"ಬಂದ್ಯಾ? ಒಳ್ಳೆದಾಯ್ತು. ಇದನ್ನ ಯಾವುದರಲ್ಲಿ ಸುತ್ತಿದ್ರೆ ಕೆಡಲ್ಲ, ನೀನೇ ಹೇಳು" ಎಂದು ಬೂಟಣ್ಣ ಫೋಟೋ ಕಡೆ ಕೈ ತೋರಿಸಿದ.

"ಬೂಟಣ್ಣ, ಟ್ರೇ ತುಂಬಿತ್ತು."

"ಯಾವ ಟ್ರೇ?"

"ನೀನು ಊರಿಗೆ ಹೋಗಿದ್ದಾಗ. ತುಂಬಿತ್ತು, ಮುಚ್ಚಳನೂ ಹಾಕಿತ್ತು. ನೀನು ಮರೆತಿರಲಿಲ್ಲ. ನಾನು ಅದನ್ನ ದಾಟಿಕೊಂಡು ಒಳಗೆ ಹೋದೆ. ಬೂಟು ತೊಳೀಲಿಲ್ಲ."

ಬೂಟಣ್ಣನ ಕೈಯಲ್ಲಿ ಒಂದು ಲೋಟ ಇತ್ತು. ಅದನ್ನು ಪೆಟ್ಟಿಗೆಗೆ ಹಾಕುವುದೋ ಬೇಡವೋ ಎನ್ನುವಂತೆ ಹಿಡಿದೇ ನಿಂತ.

"ಎಲ್ಲಿಂದ ಬಂದಿದ್ದೆ?"

"ಕೆಳಗಿನ ತೋಪಿಂದ. ನೇರವಾಗಿ."

ಬೂಟಣ್ಣ ಬೆಂಚಿನ ಮೇಲೆ ಕೂತ. ಅವನು ನಿಂತೇ ಇದ್ದ. ಜೇಬಿನಲ್ಲಿಟ್ಟುಕೊಂಡಿದ್ದ ಆ ಮಾತನ್ನು ತೆಗೆದ. "ಡಾಕ್ಟರ್ ಹೇಳಿದ್ರು, ಚಳಿ ಹೀಗೆ ಕಮ್ಮಿಯಾದ್ರೆ ಹತ್ತು ವರ್ಷಕ್ಕೋ ಹದಿನೈದು ವರ್ಷಕ್ಕೋ ಹೇಗಿದ್ರೂ ಬರ್ತಿತ್ತು ಅಂತ..."

"ಬರ್ತಿತ್ತೇನೋ" ಎಂದ ಬೂಟಣ್ಣ. "ಹಾಗಿದ್ರೆ ಆ ಹತ್ತು ವರ್ಷ ಅವಳು ಇರ್ತಿದ್ಲಲ್ಲ?"

ಕೈಯಲ್ಲಿದ್ದ ಲೋಟವನ್ನು ಬೆಂಚಿನ ಮೇಲಿಟ್ಟ.

"ಮೊಮ್ಮಗಳ ಫೋಟೋ ನೋಡಿದಾಗೆಲ್ಲ ನನಗೆ ಅಜ್ಜಿ ನೆನಪಾಗ್ತಿದ್ಲು" ಎಂದ ಬೂಟಣ್ಣ, ನೆಲ ನೋಡುತ್ತ. "ಈ ಕೂಸಿನ ಮುಖ ನೋಡೋ ಆಸೆಗೆ ಓಡಿಹೋಗಿ ಅಜ್ಜಿನ ಕೊಂದೆ ಅಂತ. ಮಗಳು ಫೋನ್ ಮಾಡಿದ್ರೆ ಎತ್ತೋಕೆ ಮನಸ್ಸಾಗ್ತಿರಲಿಲ್ಲ. ಮಗು ಹುಟ್ಟುಹಬ್ಬಕ್ಕೂ ಹೋಗಲಿಲ್ಲ."

"ಬೂಟಣ್ಣ, ನನ್ನಿಂದ..."

"ಸುಮ್ನಿರಿ."

ಮೊದಲ ಬಾರಿಗೆ ಬಹುವಚನ. ಅದು ಕಪಾಳಕ್ಕೆ ಹೊಡೆದದ್ದಕ್ಕಿಂತ ಜೋರಾಗಿ ತಾಗಿತು. ಬೂಟಣ್ಣ ಎದ್ದು ಹೊರಗೆ ಹೋಗಿ ಫೋನಿನಲ್ಲಿ ಯಾರ ಜೊತೆಗೋ ಮಾತಾಡಿ ಬಂದ. "ಡಾಕ್ಟರ್ ಬರ್ತಿದಾರೆ. ಅವತ್ತು ನೀವು ಎಲ್ಲೆಲ್ಲಿ ನಿಂತಿದ್ರಿ ಅಂತ ಅವರಿಗೆ ಗೊತ್ತಾಗಬೇಕಂತೆ. ಮುತ್ತಜ್ಜಿ ಎದುರಿಗೆ ಮಾತ್ರನಾ?"

ಅವನು ಹೌದು ಎನ್ನಲು ಬಾಯಿ ತೆರೆದ. ಆಗ ನೆನಪಾಯಿತು. ಅಗಲವಾದ ಚಿತ್ರವೂ ಒಂದಿರಲಿ ಎಂದು ಪೂರ್ವದ ಇಳಿಜಾರು ಹತ್ತಿದ್ದ, ಮುತ್ತಜ್ಜಿಯ ಮರಿಗಳ ನಡುವೆ. ಆ ಚಿತ್ರಗಳು ಚೆನ್ನಾಗಿ ಬಂದಿರಲಿಲ್ಲ, ಮರೆತೇಬಿಟ್ಟಿದ್ದ.

"ಇಲ್ಲ" ಎಂದ. "ಬಹಳ ಓಡಾಡಿದ್ದೆ."

ಮಣ್ಣಿನ ಡಾಕ್ಟರ್ ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ಎಲ್ಲ ಕೇಳಿಸಿಕೊಂಡು, "ಅವತ್ತೇ ತಿಳಿಸಿದ್ರೆ ನೀವು ತುಳಿದ ಕಡೆಯ ಮಣ್ಣು ತೆಗೆಸಿ ಸುಟ್ಟುಬಿಡ್ತಿದ್ವಿ. ಮರ ಉಳಿಯೋ ಸಾಧ್ಯತೆ ಇತ್ತು" ಎಂದಷ್ಟೇ ಹೇಳಿದರು. ಅಲ್ಲಿಯವರೆಗೆ ಅವನು ತನ್ನ ಅಪರಾಧವೆಂದರೆ ಆ ಒಂದು ಸಂಜೆ ಎಂದುಕೊಂಡಿದ್ದ. ಆಮೇಲಿನ ಎರಡು ವರ್ಷದ ಒಂದೊಂದು ದಿನವೂ, ಪ್ರದರ್ಶನದಲ್ಲಿ ಕೈ ಕುಲುಕಿಸಿಕೊಂಡ ದಿನವೂ, ಈ ಬೆಂಚಿನ ಮೇಲೆ ಟೀ ಕುಡಿದ ದಿನವೂ ಅದಕ್ಕೇ ಸೇರಿಕೊಂಡಿತು. ಆ ದಿನಗಳಲ್ಲಿ ಯಾವ ದಿನ ಬಾಯಿ ಬಿಟ್ಟಿದ್ದರೂ ಏನಾದರೂ ಉಳಿಯುತ್ತಿತ್ತು.

"ಪೂರ್ವದ ಇಳಿಜಾರಿನ ಮರಗಳಲ್ಲಿ ಇನ್ನೂ ರೋಗ ಕಾಣಿಸಿಲ್ಲ" ಎಂದರು ಡಾಕ್ಟರ್. "ಅಲ್ಲಿ ಎಲ್ಲಿ ನಿಂತಿದ್ರಿ ಅಂತ ನೆನಪಿದೆಯಾ?"

"ನೆನಪಿಲ್ಲ. ಆದ್ರೆ ಕಂಡುಹಿಡಿಬಹುದು."

ಆ ಸಂಜೆಯ ಚಿತ್ರಗಳನ್ನೆಲ್ಲ, ಕೆಟ್ಟದ್ದು, ಅಲುಗಿದ್ದು, ಕತ್ತಲಾದದ್ದು ಒಂದನ್ನೂ ಬಿಡದೆ, ಅವನು ಮತ್ತು ಅಕ್ಕ ಪ್ರಿಂಟ್ ಹಾಕಿದರು. ಮರುದಿನ ಅವನು ಅವನ್ನು ಹಿಡಿದು ತೋಪಿನಲ್ಲಿ ನಡೆದ. ಚಿತ್ರದಲ್ಲಿ ಬಂಡೆಯ ಮೂಲೆ ಮೋಟು ಕೊಂಬೆಯ ಹಿಂದೆ ಎಷ್ಟು ಮರೆಯಾಗಿದೆಯೋ, ಕಣ್ಣಿಗೂ ಅಷ್ಟೇ ಮರೆಯಾಗುವವರೆಗೆ ಎಡಕ್ಕೆ, ಬಲಕ್ಕೆ, ಹಿಂದಕ್ಕೆ ಸರಿಯುತ್ತ ಹೋಗಬೇಕು. ಸರಿಹೊಂದಿದಾಗ, ಅವತ್ತು ಟ್ರೈಪಾಡ್ ಊರಿದ ಜಾಗದಲ್ಲೇ ನಿಂತಿರುತ್ತಾನೆ. ಅಲ್ಲಿ ಡಾಕ್ಟರ್ ಒಂದು ಕೆಂಪು ಕಡ್ಡಿ ನೆಡುತ್ತಿದ್ದರು. ಬೂಟಣ್ಣ ಹಿಂದೆಯೇ ಬರುತ್ತಿದ್ದ. ಕಡ್ಡಿಗಳ ಸಾಲು ಉದ್ದವಾದಂತೆ ಅವನಿಗೆ ತಾನು ಎಷ್ಟು ದೂರ ಹೋಗಿದ್ದೆನೆಂದು ಕಾಣತೊಡಗಿತು. ಒಂದು ಕಡ್ಡಿಯಂತೂ ಎಳೆಯ ಮರವೊಂದರ ಬೇರಿನ ಮೇಲೇ ಬಿತ್ತು. ಅಲ್ಲಿ ನಿಂತು ತೆಗೆದ ಚಿತ್ರದಲ್ಲಿ ಅವನ ಹೆಬ್ಬೆರಳು ಅಡ್ಡ ಬಂದಿತ್ತು. ಯಾತಕ್ಕೂ ಬಾರದ ಚಿತ್ರ.

ಇಳಿಜಾರಿನ ಮೂರು ಕಡೆ ಮಣ್ಣಿನಲ್ಲಿ ರೋಗಾಣು ಸಿಕ್ಕಿತು. ಎರಡು ಕಡೆ ಅದು ಬೇರಿಗೆ ಇನ್ನೂ ಇಳಿದಿರಲಿಲ್ಲ. ಒಂದು ಮರಕ್ಕೆ ಮಾತ್ರ ಇಳಿದಿತ್ತು. ಆ ಮರವನ್ನು ಕಡಿದರು. ಸೋಂಕಿದ ಮಣ್ಣನ್ನು ತೆಗೆದು ಸುಟ್ಟರು. ಮುತ್ತಜ್ಜಿಗೂ ಇಳಿಜಾರಿಗೂ ನಡುವೆ ಆಳವಾದ ಕಂದಕ ತೋಡಿದರು. ಕೂಲಿಯವರ ಜೊತೆ ಅವನೂ ಗುದ್ದಲಿ ಹಿಡಿದ. ಯಾರೂ ಬಾ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಅಂಗೈಯ ಗುಳ್ಳೆಗೆ ಮುಲಾಮು ಹಚ್ಚುತ್ತ ಅಕ್ಕ, "ಗದ್ದ ಎತ್ತಿಸಿ ಎತ್ತಿಸಿ ಮೆತ್ತಗಾದ ಕೈ ಇದು" ಎಂದು ನಗಿಸಲು ನೋಡಿದಳು.

ಪ್ರಕಾಶಕಿಗೂ ಹೇಳಿದ. ಹೊಸ ಮುದ್ರಣದಲ್ಲಿ ಆ ಚಿತ್ರದ ಕೆಳಗೆ ನಡೆದದ್ದನ್ನು ಇದ್ದ ಹಾಗೆ ಬರೆಯಬೇಕೆಂದ. ಅವರು ಹಿಂದೆ ಮುಂದೆ ನೋಡಿ, ಕೊನೆಗೆ ಒಪ್ಪಿದರು. ಅದು ಅಚ್ಚಾದ ಮೇಲೆ ಬೈಗುಳಕ್ಕೆ ಬರಗಾಲವಿರಲಿಲ್ಲ. ಒಬ್ಬರು ಮೇಷ್ಟ್ರು ಫೋಟೋಗೆಂದು ಬಂದು ಸ್ಟೂಲಿನ ಮೇಲೆ ಕೂತವರು, ಅವನ ಮುಖ ಗುರುತು ಹಿಡಿದು ಎದ್ದು ಹೋದರು. ಹೊಗಳಿದವರೂ ಇದ್ದರು, ಎಷ್ಟು ಧೈರ್ಯ ನಿಮ್ಮದು ಎಂದು. ಅವರ ಮಾತು ಹೆಚ್ಚು ಚುಚ್ಚುತ್ತಿತ್ತು.

ಬೂಟಣ್ಣ ಕೆಲಸ ಬಿಡಲಿಲ್ಲ. ಪೆಟ್ಟಿಗೆಯಿಂದ ಪಾತ್ರೆಗಳು ಮತ್ತೆ ಗೂಡಿಗೆ ಬಂದವು. ಮಗಳ ಊರಿಗೆ ಹೋಗಿ ಮೊಮ್ಮಗಳ ಜೊತೆ ಹಬ್ಬ ಮುಗಿಯುವವರೆಗೆ ಇದ್ದು ಬಂದನಂತೆ. ಇದನ್ನು ಅವನಿಗೆ ಹೇಳಿದ್ದು ಡಾಕ್ಟರ್. ವಾರಕ್ಕೊಮ್ಮೆ ಕಂದಕದಾಚೆಯ ಮರಗಳನ್ನು ಪರೀಕ್ಷಿಸುವ ಕೆಲಸಕ್ಕೆ ಜನ ಸಾಲದೆಂದು ಅವರೇ ಅವನನ್ನು ಕರೆದಿದ್ದರು. ಬೂಟಣ್ಣ ಗೇಟು ತೆರೆಯುತ್ತಿದ್ದ, ಬನ್ನಿ ಸಾರ್ ಎನ್ನುತ್ತಿದ್ದ, ಅಷ್ಟೆ. ಟೀಗೆ ಕರೆಯುತ್ತಿರಲಿಲ್ಲ. ಒಲೆಯ ಮೇಲಿನ ಗೋಡೆಯಲ್ಲಿ ಈಗ ಒಂದು ಮೊಳೆ ಮಾತ್ರ ಇತ್ತು.

ಮುಂದಿನ ಬೇಸಿಗೆಯ ಹೊತ್ತಿಗೆ ಮುತ್ತಜ್ಜಿಯ ಮೈಮೇಲೆ ಹಸಿರು ಉಳಿಯಲಿಲ್ಲ. ಬೀಳಿಸುವುದು ಬೇಡ, ನಿಂತಷ್ಟು ದಿನ ನಿಲ್ಲಲಿ ಎಂದು ತೀರ್ಮಾನವಾಯಿತು.

ಒಂದು ಭಾನುವಾರ ಅಕ್ಕ ತಾನೂ ಬರುತ್ತೇನೆಂದಳು. ಅಂಗಡಿ ಬಿಟ್ಟು ಎಲ್ಲಿಗೂ ಹೊರಡದ ಅವಳು ಇಷ್ಟು ವರ್ಷದಲ್ಲಿ ಒಮ್ಮೆಯೂ ಆ ಬೆಟ್ಟ ಹತ್ತಿರಲಿಲ್ಲ. ಮುತ್ತಜ್ಜಿಯನ್ನು ಎಷ್ಟೋ ಬಾರಿ ಪ್ರಿಂಟ್ ಹಾಕಿದ್ದಳು, ಅಂಚು ಕತ್ತರಿಸಿದ್ದಳು, ಚೌಕಟ್ಟಿಗೆ ಕೂರಿಸಿದ್ದಳು. ಈಗ ಆ ಒಣಗಿದ ಮರದ ಬುಡದ ಹಗ್ಗದ ಬೇಲಿಯ ಹತ್ತಿರ ನಿಂತು, ತಲೆ ಹಿಂದಕ್ಕೆ ಬಾಗಿಸಿ ನೋಡಿದಳು. ನೋಡುತ್ತಲೇ ಇದ್ದಳು.

"ಫೋಟೋದಲ್ಲಿ ಇಷ್ಟು ದೊಡ್ಡದು ಅಂತ ಗೊತ್ತೇ ಆಗಲ್ವಲ್ಲೋ" ಎಂದಳು.

ಬೂಟಣ್ಣ ಒಂದು ಕುರ್ಚಿ ಹೊತ್ತು ತಂದ. "ಕೂತ್ಕೊಳ್ಳಿ ಅಮ್ಮ. ನಿಂತು ನೋಡಿದ್ರೆ ಕುತ್ತಿಗೆ ನೋಯುತ್ತೆ." ಆಮೇಲೆ ಅವನ ಕಡೆ ತಿರುಗದೆಯೇ, "ಆಚೆಯ ಎರಡನೇ ಸಾಲು ಇನ್ನೂ ನೋಡಿಲ್ಲ" ಎಂದ.

ಅವನು ಕಂದಕದ ಹಲಗೆ ದಾಟಿ ಇಳಿಜಾರು ಹತ್ತಿದ. ಒಂದೊಂದು ಮರದ ಬುಡದಲ್ಲೂ ಬಗ್ಗಿ ಕಾಂಡ ನೋಡಿದ, ಬೆರಳಿಂದ ಸವರಿದ, ಎಲೆ ಮುಟ್ಟಿದ. ಸಾಲಿನ ಕೊನೆಯಲ್ಲಿದ್ದ ಮರದ ಒಂದು ಕೊಂಬೆಯ ತುದಿ ಕಂದು ಬಣ್ಣಕ್ಕೆ ತಿರುಗಿತ್ತು. ಈ ಬಿಸಿಲಿಗೋ, ಬೇರಿನ ಕೊಳೆಗೋ, ನೋಡಿ ಹೇಳುವಂತಿರಲಿಲ್ಲ. ಅದು ಗೊತ್ತಾಗಲು ಮಳೆಗಾಲ ಕಳೆಯಬೇಕು. ಅವನು ಆ ಕೊಂಬೆಗೆ ಗುರುತಿನ ಪಟ್ಟಿ ಕಟ್ಟಿದ, ಕೆಳಗೆ ನಿಂತಿದ್ದ ಬೂಟಣ್ಣನಿಗೆ ಕೇಳಿಸುವಂತೆ ಅದನ್ನು ಆಗಲೇ ಕೂಗಿ ಹೇಳಿದ.